ಐಸ್ ಯಂತ್ರ ತಯಾರಿಸಿ ಸಗಟು ಮಾರುವ ಉದ್ಯಮ: ಗಡಿ ಊರುಗಳ ಸದಸ್ಯರ ಗಮನಕ್ಕೆ

ಬೇಸಗೆ ಕಾಲಿಟ್ಟಿತೆಂದರೆ ಸಂಘದ ಕಚೇರಿಗೆ ಒಂದು ವಿಚಾರಣೆ ತಪ್ಪದೆ ಬರುತ್ತದೆ. ಹೊಸೂರು ಕಡೆಯ ಐಟಿಐ ಕಲಿತ ಹುಡುಗರು, ಗಲ್ಫ್‌ನಿಂದ ಮರಳಿದ ಕಾಸರಗೋಡಿನ ಎ.ಸಿ. ಮೆಕ್ಯಾನಿಕ್‌ಗಳು ಬಂದು, ಐಸ್ ಮಾರುವುದಕ್ಕಿಂತ ಐಸ್ ಮಾಡುವ ಯಂತ್ರವನ್ನೇ ತಯಾರಿಸಿ ಸಗಟಾಗಿ ಕೊಟ್ಟರೆ ಹೇಗೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ತಿಳಿದದ್ದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇವೆ. ನಾವು ಯಂತ್ರ ಬಲ್ಲವರಲ್ಲ, ಕಡತ ಬಲ್ಲವರು. ಆದರೂ ಈ ವಿಷಯದಲ್ಲಿ ಸಂಘ ಒಮ್ಮೆ ಪೆಟ್ಟು ತಿಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ಸಣ್ಣ ಘಟಕದಲ್ಲಿ ತಯಾರಿಕೆ ಎಂದರೆ ಬಹುಪಾಲು ಜೋಡಣೆಯೇ. ಕಂಪ್ರೆಸರ್, ಫ್ಯಾನ್ ಮೋಟಾರ್, ವಾಲ್ವ್ ಎಲ್ಲವನ್ನೂ ಹೊರಗಿನಿಂದ ತರುತ್ತಾರೆ. ಚೌಕಟ್ಟು, ನೀರಿನ ತೊಟ್ಟಿ, ತಾಮ್ರದ ಕೊಳವೆ ಬೆಸುಗೆ, ಶಾಖನಿರೋಧಕ ಹೊದಿಕೆ, ವಿದ್ಯುತ್ ಪ್ಯಾನೆಲ್ ಇವು ನಮ್ಮ ಶೆಡ್ಡಿನ ಕೆಲಸ. ಬೆಸುಗೆ ಸೋರದೆ ಇರುವುದರಲ್ಲೇ ಹೆಸರು ಉಳಿಯುವುದು.

ಯಂತ್ರದ ಜಾತಿಯನ್ನು ಊರು ನೋಡಿ ಆರಿಸಬೇಕು. ಕಾಸರಗೋಡು, ಮಂಜೇಶ್ವರದ ಮೀನು ವ್ಯಾಪಾರಕ್ಕೆ ಉಪ್ಪುನೀರಿನ ತೊಟ್ಟಿಯಲ್ಲಿ ಡಬ್ಬಿಗಳನ್ನಿಳಿಸಿ ಗಟ್ಟಿ ಮಾಡುವ ದೊಡ್ಡ ಗಡ್ಡೆಯೋ, ಚೂರು ಐಸೋ ಬೇಕು. ಗಡ್ಡೆಯ ದಪ್ಪ ಎರಡರಷ್ಟಾದರೆ ಗಟ್ಟಿಯಾಗುವ ಹೊತ್ತು ಸುಮಾರು ನಾಲ್ಕರಷ್ಟಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯ ಹೋಟೆಲು, ಕಬ್ಬಿನ ಹಾಲಿನ ಅಂಗಡಿಗಳು ಕೇಳುವುದು ಚಿಕ್ಕ ತುಂಡು ಐಸ್ ಮಾಡುವ ಯಂತ್ರ. ರಾಯದುರ್ಗ, ಮಡಕಶಿರಾ ಸೀಮೆಯ ಬೋರ್‌ವೆಲ್ ನೀರು ಗಡಸು; ಶುದ್ಧೀಕರಣ ಘಟಕವಿಲ್ಲದೆ ಯಂತ್ರ ಕೊಟ್ಟರೆ ಐಸ್ ಕಟ್ಟುವ ತಟ್ಟೆಯ ಮೇಲೆ ಸುಣ್ಣದ ಪದರ ಕೂತು ಇಳುವರಿ ಬೀಳುತ್ತದೆ, ದೂರು ಮಾತ್ರ ತಯಾರಕನಿಗೇ ಬರುತ್ತದೆ. ತಿನ್ನುವ ಐಸಿಗೆ ನೀರು ತಾಗುವ ಭಾಗವೆಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಒಳ್ಳೆಯದು. 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶದಂತೆ ತಿನ್ನಲಾಗದ ಐಸಿಗೆ ನೀಲಿ ಬಣ್ಣ ಬೆರೆಸಬೇಕು. ಗಿರಾಕಿ ಯಾವ ಐಸ್ ಮಾಡುತ್ತಾನೆಂದು ಮೊದಲೇ ಕೇಳಿಕೊಳ್ಳಿ.

ಈಗ ಪೆಟ್ಟು ತಿಂದ ಕಥೆ. ಕೆಲವು ವರ್ಷಗಳ ಹಿಂದೆ ಸೊಲ್ಲಾಪುರ ಕಡೆಯ ನಮ್ಮ ಸದಸ್ಯರೊಬ್ಬರು "ದಿನಕ್ಕೆ ಒಂದು ಟನ್" ಎಂದು ಬರೆದ ಯಂತ್ರಗಳನ್ನು ಜೋಡಿಸಿ ಮಾರಿದರು. ಗಿರಾಕಿಗಳು ನಂಬಲಿ ಎಂದು ಸಂಘದ ಲೆಟರ್‌ಹೆಡ್‌ನಲ್ಲಿ ನಾವೇ ಒಂದು ಪರಿಚಯಪತ್ರ ಕೊಟ್ಟಿದ್ದೆವು. ಮೇ ತಿಂಗಳಲ್ಲಿ ಯಂತ್ರಗಳು ಮುಕ್ಕಾಲು ಟನ್ನನ್ನೂ ಮುಟ್ಟಲಿಲ್ಲ. ಹುಡುಗ ಮೋಸ ಮಾಡಿರಲಿಲ್ಲ. ಆತ ನಕಲು ಮಾಡಿದ್ದ ಪರದೇಶದ ಕ್ಯಾಟಲಾಗಿನ ಅಂಕಿ 10 ಡಿಗ್ರಿ ನೀರಿಗೆ, ತಂಪು ಕೋಣೆಗೆ ಹೇಳಿದ್ದು. ಗಿರಾಕಿಗಳು ಬಾಕಿ ಹಣ ತಡೆಹಿಡಿದರು. ಆತನ ತಂದೆ ಅರ್ಧ ಎಕರೆ ಮಾರಿ ಬ್ಯಾಂಕಿಗೆ ಕಟ್ಟಿದರು. ನಮ್ಮ ಪತ್ರದ ಮೇಲೆ ಯಂತ್ರ ಕೊಂಡ ಇಬ್ಬರು ಇಂದಿಗೂ ಸಂಘದ ಸಭೆಗೆ ಬರುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಇಳಿಸಲು ಒಂದು ಕಿಲೋಕ್ಯಾಲರಿ ಶಾಖ ತೆಗೆಯಬೇಕು. ಸೊನ್ನೆ ಡಿಗ್ರಿಯಲ್ಲಿ ಗಡ್ಡೆ ಕಟ್ಟಿಸಲು ಇನ್ನೂ 80. ಹಾಗಾಗಿ 30 ಡಿಗ್ರಿ ನೀರಿಗೆ 110, 10 ಡಿಗ್ರಿ ನೀರಿಗೆ 90. ನೀರಿನಿಂದಲೇ ಇಷ್ಟು ವ್ಯತ್ಯಾಸ. ಮೇಲೆ 42 ಡಿಗ್ರಿ ಬಿಸಿಲಿನಲ್ಲಿ ಕಂಡೆನ್ಸರ್ ಶಾಖ ಬಿಡಲು ಏದುಸಿರು ಬಿಡುತ್ತದೆ. ಒಂದು ಟನ್ ಐಸಿಗೆ ಒಂದು ಟನ್ ಶೈತ್ಯ ಸಾಮರ್ಥ್ಯ ಸಾಕೆಂಬುದು ತಪ್ಪು ಕಲ್ಪನೆ. ಒಂದು ಟನ್ ಎಂದರೆ ಗಂಟೆಗೆ 3024 ಕಿಲೋಕ್ಯಾಲರಿ. ನಮ್ಮ ನೀರಿಗೆ ಒಂದೂವರೆ ಟನ್ ಬೇಕು, ಸೋರಿಕೆ ಸೇರಿಸಿದರೆ ಎರಡರ ಹತ್ತಿರ. ನಿಮ್ಮ ಊರಿನ ಮೇ ತಿಂಗಳ ನೀರಿನಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿಸಿ, ಐಸ್ ತೂಗಿ, ಆ ಅಂಕಿಯನ್ನೇ ಫಲಕದ ಮೇಲೆ ಕೊರೆಸಿ. ಅಂಥ ಪರೀಕ್ಷೆಯ ವಿವರವಿಲ್ಲದೆ ಸಂಘ ಈಗ ಯಾರಿಗೂ ಪರಿಚಯಪತ್ರ ಕೊಡುವುದಿಲ್ಲ.

ಶೀತಕ ಅನಿಲದ ಬಗ್ಗೆ ಒಂದು ಮಾತು. ಹಳೆಯ ಮೆಕ್ಯಾನಿಕ್‌ಗಳ ಕೈಗೆ ಒಗ್ಗಿದ ಆರ್-22 ಅನ್ನು 2025ರ ಜನವರಿ 1ರಿಂದ ಹೊಸ ಯಂತ್ರಗಳ ತಯಾರಿಕೆಗೆ ಬಳಸುವಂತಿಲ್ಲ. ಆರ್-290, ಅಂದರೆ ಪ್ರೊಪೇನ್, ಒಳ್ಳೆಯ ಶೀತಕವಾದರೂ ಬೆಂಕಿ ಹಿಡಿಯುವಂಥದ್ದು. ಅಮೋನಿಯಾ ದೊಡ್ಡ ಸ್ಥಾವರಗಳಿಗೆ ಸರಿ, ಸೋರಿದರೆ ಪ್ರಾಣಾಪಾಯ. ತರಬೇತಿಯಿಲ್ಲದೆ ಎರಡನ್ನೂ ಮುಟ್ಟಬೇಡಿ.

ಗಡಿಯವರಾದ ನಮಗೆ ತೆರಿಗೆಯಲ್ಲಿ ಒಂದು ವಿಶೇಷ ತೊಡಕಿದೆ. ಹೊಸೂರಿನಿಂದ ಅತ್ತಿಬೆಲೆಗೆ ಯಂತ್ರ ಕಳಿಸಿದರೂ ಅದು ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಕಡ್ಡಾಯ; ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಬಿಲ್ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಮಾಡಿಸಿ. ಭಾಷೆ ಗಡಿ ದಾಟಿದಷ್ಟು ಸಲೀಸಾಗಿ ಲಾರಿ ದಾಟುವುದಿಲ್ಲ!

ಸಾಲಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ 2022ರ ಪರಿಷ್ಕೃತ ನಿಯಮದಂತೆ ತಯಾರಿಕಾ ಘಟಕದ ಮಿತಿ 50 ಲಕ್ಷ ರೂಪಾಯಿ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಗ್ರಾಮದಲ್ಲಿ ಶೇ. 25 ಸಹಾಯಧನ, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದ ವಿಶೇಷ ವರ್ಗಕ್ಕೆ ಶೇ. 25 ಮತ್ತು 35. ಈ ಹಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಅದನ್ನು ನೆಚ್ಚಿ ಬಂಡವಾಳದ ಲೆಕ್ಕ ಹಾಕಿದವರು ಸಿಕ್ಕಿಬೀಳುತ್ತಾರೆ. ಅರ್ಜಿ ಹಾಕುವ ದಿನದ ನಿಯಮವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಉದ್ಯಮ್ ನೋಂದಣಿ ಉಚಿತ, ದಲ್ಲಾಳಿಗೆ ದುಡ್ಡು ಕೊಡಬೇಡಿ. ಕನ್ನಡ ಅಂಕಪಟ್ಟಿಯ ಅನುವಾದ ಕೇಳಿದರೆ ಕಚೇರಿಗೆ ತನ್ನಿ, ಬರೆದುಕೊಡುತ್ತೇವೆ.

ಸಗಟು ವ್ಯಾಪಾರದಲ್ಲಿ ಡೀಲರು ಉದ್ದರಿ ಕೇಳಿಯೇ ಕೇಳುತ್ತಾನೆ. ಮೊದಲ ವರ್ಷ ಅರ್ಧ ಮುಂಗಡವಿಲ್ಲದೆ ಯಂತ್ರ ಹೊರಗೆ ಬಿಡಬೇಡಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ಎರಡೂ ತಿಂಗಳು. ಆಗ ಮೀನಿನ ಗಿರಾಕಿಯಿಂದ ಕಂತು ನಿರೀಕ್ಷಿಸಬಾರದು. ದುರಸ್ತಿಗೆ ಅದೇ ಹೊತ್ತು. ನೂರು ಊರಿಗೆ ಒಂದೊಂದು ಯಂತ್ರ ಮಾರುವುದಕ್ಕಿಂತ, ಮೆಕ್ಯಾನಿಕ್ ಬೆಳಗ್ಗೆ ಹೋಗಿ ಸಂಜೆ ಮರಳಬಹುದಾದ ದೂರದಲ್ಲಿ ಹತ್ತು ಮಾರುವುದು ಮೇಲು. ಏಪ್ರಿಲಿನಲ್ಲಿ ಯಂತ್ರ ಎರಡು ದಿನ ನಿಂತರೆ ಕಬ್ಬಿನ ಹಾಲಿನವನ ವರ್ಷದ ಲಾಭವೇ ಹೋದಂತೆ. ಒಂದೆರಡು ಕಂಪ್ರೆಸರ್, ನಾಲ್ಕು ಫ್ಯಾನ್ ಮೋಟಾರ್, ಬೇಕಾದಷ್ಟು ರಿಲೇಗಳನ್ನು ಕಪಾಟಿನಲ್ಲಿ ಇಟ್ಟುಕೊಂಡ ಮೇಲೆಯೇ ಮೊದಲ ಯಂತ್ರದ ಬಿಲ್ ಬರೆಯಿರಿ.