ಬೆಂಕಿ ಬಿದ್ದಾಗ ಮೊದಲು ಓಡಿ ಬರುವವರು

ಬಣವಿಗೆ ಬೆಂಕಿ ಬಿದ್ದರೆ ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಮೊದಲು ಏಳುವುದು ಕೂಗು. ಗುಡಿಯ ಗಂಟೆ ಬಾರಿಸುತ್ತಾರೆ, ಮಸೀದಿಯ ಮೈಕಿನಲ್ಲಿ ಹೇಳುತ್ತಾರೆ. ಕೇಳಿದವರು ಕೈಗೆ ಸಿಕ್ಕ ಕೊಡ, ಬಕೀಟು ಹಿಡಿದು ಓಡುತ್ತಾರೆ. ಕೆಲವರು ತೊಯ್ದ ಗೋಣಿಚೀಲದಿಂದ ಉರಿ ಬಡಿಯುತ್ತಾರೆ. ಕೆಲವರು ಪಕ್ಕದ ಬಣವಿಯನ್ನು ಕಿತ್ತೆಳೆದು ನಡುವೆ ಬಯಲು ಮಾಡುತ್ತಾರೆ. ನಾವು ಚಿಕ್ಕವರಿದ್ದಾಗ ಕಂಡ ಇಂಥ ಒಂದು ರಾತ್ರಿ ಇನ್ನೂ ಕಣ್ಣ ಮುಂದಿದೆ. ದನದ ಮನೆಗೆ ನುಗ್ಗಿ, ಕಣ್ಣಿ ಕೊಯ್ದು ಎತ್ತುಗಳನ್ನು ಹೊರಗಟ್ಟಿದವನಿಗೂ ಆ ಮನೆಯ ಯಜಮಾನನಿಗೂ ಹೊಲದ ಬದುವಿನ ಸಲುವಾಗಿ ವರ್ಷಗಳಿಂದ ಮಾತು ಬಿಟ್ಟಿತ್ತು. ಪೇಟೆಯಿಂದ ಅಗ್ನಿಶಾಮಕ ವಾಹನ ಬಂದಾಗ ಉಳಿದದ್ದು ಬೂದಿ ಮಾತ್ರ. ಆದರೆ ಎತ್ತುಗಳು ಉಳಿದಿದ್ದವು.

ಹೀಗೆ ಓಡಿ ಬರುವವರಿಗೆ ನಮ್ಮಲ್ಲಿ ಹೆಸರಿಲ್ಲ, ಸಮವಸ್ತ್ರವಿಲ್ಲ, ರಿಜಿಸ್ಟರಿನಲ್ಲಿ ಹಾಜರಿ ಇಲ್ಲ. ಬೇರೆ ದೇಶಗಳಲ್ಲಿ ಇವರೇ ಸಂಘ ಕಟ್ಟಿಕೊಂಡರು. ಆ ಚರಿತ್ರೆಯನ್ನು ನಾವು ಒಮ್ಮೆ ತಿರುವಿ ನೋಡಬೇಕು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಯೂನಿಯನ್ ಫೈರ್ ಕಂಪನಿ ಎಂಬ ಸ್ವಯಂಸೇವಕ ದಳ ಕಟ್ಟಿದರು. ಪ್ರತಿ ಸದಸ್ಯನೂ ನೀರಿಗಾಗಿ ಚರ್ಮದ ಬಕೀಟುಗಳನ್ನೂ, ಉರಿಯುವ ಮನೆಯ ಸಾಮಾನು ತುಂಬಿ ಹೊರಗೆ ಸಾಗಿಸಲು ಗಟ್ಟಿ ಚೀಲಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕು ಎಂಬುದು ಅವರ ಕರಾರು. ತಿಂಗಳಿಗೊಮ್ಮೆ ಸೇರಿ ಬೆಂಕಿಯ ವಿಚಾರ ಮಾತಾಡುತ್ತಿದ್ದರು. ಇದನ್ನು ನೋಡಿ ಊರಿನಲ್ಲಿ ಒಂದರ ಹಿಂದೆ ಒಂದರಂತೆ ದಳಗಳು ಹುಟ್ಟಿದವು.

ತುರ್ಕಿಯ ಇಸ್ತಾಂಬುಲ್ ಕಟ್ಟಿಗೆ ಮನೆಗಳ ಊರು. ಅಲ್ಲಿ ಕಿಡಿಯೊಂದು ಬಿದ್ದರೆ ಓಣಿಗೆ ಓಣಿಯೇ ಹೋಗುತ್ತಿತ್ತು. ಫ್ರಾನ್ಸಿನಿಂದ ಬಂದು ಇಸ್ಲಾಂ ಸ್ವೀಕರಿಸಿದ ದಾವೂದ್ ಎಂಬಾತ ಕೈಪಂಪು ತಯಾರಿಸಿದ ಮೇಲೆ, 1720ರಲ್ಲಿ ಜಾನಿಸರಿ ಸೈನ್ಯದ ಅಡಿಯಲ್ಲಿ ಬೆಂಕಿ ಆರಿಸುವ ದಳ ಏರ್ಪಟ್ಟಿತು. 1826ರಲ್ಲಿ ಸುಲ್ತಾನರು ಆ ಸೈನ್ಯವನ್ನೇ ರದ್ದು ಮಾಡಿದಾಗ ದಳವೂ ಹೋಯಿತು. ಮುಂದೆ ಓಣಿಗಳ ತರುಣರೇ ಪಂಪನ್ನು ಹೆಗಲಿಗೇರಿಸಿಕೊಂಡರು. ಇವರಿಗೆ ತುಲುಂಬಾಜಿಗಳೆಂದು ಹೆಸರು. ಗೋಪುರದ ಮೇಲಿನ ಕಾವಲುಗಾರ ಹೊಗೆ ಕಂಡು ಸುದ್ದಿ ಕೊಟ್ಟರೆ ಸಾಕು, ಒಂದೊಂದು ಓಣಿಯ ತಂಡವೂ ಇಕ್ಕಟ್ಟಾದ ಹಾದಿಗಳಲ್ಲಿ ಪಂಪು ಹೊತ್ತು ಓಡುತ್ತಿತ್ತು. ಮೊದಲು ಮುಟ್ಟಿದವರಿಗೆ ಊರೆಲ್ಲ ಶಹಬ್ಬಾಸ್‌ಗಿರಿ.

ಆದರೆ ಈ ಚರಿತ್ರೆಗೆ ಇನ್ನೊಂದು ಮುಖವೂ ಇದೆ. ಇಸ್ತಾಂಬುಲ್‌ನಲ್ಲಿ ಯಾರು ಮೊದಲು ಎಂಬ ಹಟಕ್ಕೆ ಬಿದ್ದ ತಂಡಗಳು ದಾರಿಯಲ್ಲೇ ಬಡಿದಾಡಿದವು. ಫಿಲಡೆಲ್ಫಿಯಾದಲ್ಲಿಯೂ ಹತ್ತೊಂಬತ್ತನೆಯ ಶತಮಾನ ನಡೆದಂತೆ ದಳಗಳು ಓಣಿಗಳ ಗುಂಪುಗಾರಿಕೆಗೆ ಸಿಕ್ಕವು. ಐರಿಶ್ ವಲಸಿಗರ ದಳ, ಅವರನ್ನು ಕಂಡರಾಗದವರ ದಳ ಎಂದು ಒಡೆದುಹೋದವು. ಮನೆ ಉರಿಯುತ್ತಿರುವಾಗ ಬೀದಿಯಲ್ಲಿ ಕಾಳಗ. ಕಡೆಗೆ 1871ರಲ್ಲಿ ಆ ನಗರ ಸಂಬಳದ ಅಗ್ನಿಶಾಮಕ ದಳವನ್ನು ನೇಮಿಸಿತು. 1870ರ ಪೇರಾ ಬಡಾವಣೆಯ ಮಹಾ ಬೆಂಕಿಯ ನಂತರ ಇಸ್ತಾಂಬುಲ್ ಕೂಡ ಹಂಗೇರಿಯ ಕೌಂಟ್ ಸೆಚೆನಿಯನ್ನು ಕರೆಸಿ ಹೊಸ ಮಾದರಿಯ ದಳ ಕಟ್ಟಿಸಿತು. ನೆರೆಯವರ ಉಪಕಾರಬುದ್ಧಿ ಎಷ್ಟು ದೊಡ್ಡದೋ, ಅದನ್ನು ಗುಂಪಿನ ಅಭಿಮಾನ ನುಂಗುವುದು ಅಷ್ಟೇ ಸುಲಭ ಎಂಬುದಕ್ಕೆ ಈ ಎರಡು ಊರುಗಳೇ ಸಾಕ್ಷಿ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಹಿರಿಯರು ಪಂಪು ಮಾಡಲಿಲ್ಲ, ನಿಜ. ಆದರೆ ಬೆಂಕಿಯ ಭಯ ತಿಳಿದೇ ಮನೆ ಕಟ್ಟಿದರು. ನವಲಗುಂದ, ಅಣ್ಣಿಗೇರಿಯ ಎರೆ ನೆಲದಲ್ಲಿ ಮಣ್ಣು ಹೊದೆಸಿದ ಮಾಳಿಗೆ ಮನೆಗಳಿವೆ. ಅವುಗಳ ಮೇಲೆ ಕಿಡಿ ಬಿದ್ದರೂ ಹೊತ್ತುವುದಿಲ್ಲ. ಜೋಳವನ್ನು ಹಗೇವಿನಲ್ಲಿ ಹೂಳಿಟ್ಟರೆ ಮೇಲೆ ಏನು ಉರಿದರೂ ಕಾಳು ಕ್ಷೇಮ. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಮಳೆ ಹೆಚ್ಚು. ಅಲ್ಲಿ ಇಳಿಜಾರು ಮಾಡೇ ಬೇಕು, ಹುಲ್ಲು ಹೊದೆಸಿದರೆ ಬೆಂಕಿಯ ಅಂಜಿಕೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹಂಚು ಇಂಥ ಮನೆಗಳನ್ನು ಬೆಂಕಿಯಿಂದ ಕಾಪಾಡಿದೆ.

ಧಾರವಾಡ 1956ರವರೆಗೆ ಮುಂಬಯಿಗೆ ಸೇರಿತ್ತು. ಆ ಮುಂಬಯಿಯ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಮದ್ದುಗುಂಡು, ಹತ್ತಿ ತುಂಬಿದ್ದ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ದೇಶವೆಲ್ಲ ಇಂದು ಆಚರಿಸುವ ಅಗ್ನಿಶಾಮಕ ಸೇವಾ ದಿನ ಅವರ ನೆನಪಿನದು. ಅದೇ ಮುಂಬಯಿ ಪ್ರಾಂತದಲ್ಲಿ 1946ರ ಡಿಸೆಂಬರಿನಲ್ಲಿ ಗೃಹರಕ್ಷಕ ದಳ ಆರಂಭವಾಯಿತು. ಊರವರೇ ಸೇರಿ ತರಬೇತಿ ಪಡೆದು, ಗಲಭೆ, ಬೆಂಕಿ, ನೆರೆಯ ಹೊತ್ತಿನಲ್ಲಿ ದುಡಿಯುವ ಸ್ವಯಂಸೇವಕ ಪಡೆ ಅದು. ಫಿಲಡೆಲ್ಫಿಯಾದ ದಳಕ್ಕೆ ನಮ್ಮಲ್ಲಿ ಹತ್ತಿರದ ನೆಂಟ ಇದೇ ಎನ್ನಬಹುದು. ರಾಜ್ಯಕ್ಕೆ 1964ರ ಅಗ್ನಿಶಾಮಕ ಕಾಯಿದೆ ಬಂತು. ಮುಂದೆ ಠಾಣೆಗಳು ಹೆಚ್ಚಿದವು, ಕರೆಯಲು 101 ಸಂಖ್ಯೆ ಬಂತು, ಈಗ 112 ಇದೆ.

ಇದೆಲ್ಲ ಒಳ್ಳೆಯದೇ. ಆದರೆ ದಾರಿಯ ದೂರವನ್ನು ಕಾಯಿದೆ ಕಡಿಮೆ ಮಾಡಲಾರದು. ಬೆಂಕಿಗೆ ಮೊದಲ ಹತ್ತು ನಿಮಿಷವೇ ಮುಖ್ಯ. ಆ ಹತ್ತು ನಿಮಿಷ ವಾಹನ ದಾರಿಯಲ್ಲಿರುತ್ತದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 90ಕ್ಕೂ ಹೆಚ್ಚು ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. ರಾಜಧಾನಿಯ ಪಾಡೇ ಹೀಗಾದರೆ ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನವರು ಏನು ಮಾಡಬೇಕು? ದುಮ್ಮವಾಡದ ಬಳಿಯಲ್ಲೇ ನೀರಸಾಗರ ಜಲಾಶಯವಿದೆ. ಬೇಡ್ತಿ ಹಳ್ಳಕ್ಕೆ ಕಟ್ಟಿದ ಆ ಒಡ್ಡಿನ ನೀರು ದಶಕಗಳ ಕಾಲ ಹುಬ್ಬಳ್ಳಿಯ ಬಾಯಾರಿಕೆ ತಣಿಸಿದೆ. ಪೇಟೆಗೆ ನೀರು ಕೊಟ್ಟ ಸೀಮೆಯವರು ತಮ್ಮ ಬಣವಿ ಉರಿದಾಗ ಪೇಟೆಯ ದಾರಿ ನೋಡುತ್ತ ಕೂಡ್ರಬಾರದು.

ಜರ್ಮನಿಯ ಹಳ್ಳಿಗಳಲ್ಲಿ ಇಂದಿಗೂ ಬೆಂಕಿ ಆರಿಸುವವರು ಊರಿನ ಬಡಿಗ, ರೈತ, ಅಂಗಡಿಯವರೇ. ಚಿಲಿ ದೇಶದಲ್ಲಿ 1851ರಲ್ಲಿ ವಾಲ್ಪರೈಸೊದಲ್ಲಿ ಆರಂಭವಾದ ಸ್ವಯಂಸೇವಕ ಪದ್ಧತಿ ಈಗಲೂ ನಡೆದಿದೆ. ಸರಕಾರದ ಹೊಣೆ ತಪ್ಪಿಸಲು ಈ ಮಾತು ಹೇಳುತ್ತಿಲ್ಲ. ಪಂಚಾಯಿತಿಗೊಂದು ಪಂಪು, ಉದ್ದನೆಯ ಪೈಪು, ಹತ್ತು ಹುಡುಗ ಹುಡುಗಿಯರಿಗೆ ವರ್ಷಕ್ಕೊಮ್ಮೆ ತರಬೇತಿ, ಇಷ್ಟನ್ನು ಸರಕಾರವೇ ಮಾಡಿಸಬಹುದು. ಸುಗ್ಗಿ ಮುಗಿದು ಬಣವಿ ಒಟ್ಟುವ ಮೊದಲೇ ಅದು ಆಗಬೇಕು.

ಆ ಹತ್ತು ಜನ ಯಾವ ಓಣಿಯವರಾಗಿರಬೇಕು? ಎಲ್ಲ ಓಣಿಯವರೂ ಆಗಿರಬೇಕು. ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಓಣಿಗಳು ದೂರವಾಗುತ್ತಿವೆ. ಹಬ್ಬದ ಊಟದ ಡಬ್ಬಿಗಳು ಮೊದಲಿನಂತೆ ಓಡಾಡುತ್ತಿಲ್ಲ. ಬೆಂಕಿ ಹಚ್ಚಲು ಗುಂಪು ಸೇರುವ ಸುದ್ದಿಯನ್ನೇ ನಾವು ಹೆಚ್ಚಾಗಿ ಓದುತ್ತಿದ್ದೇವೆ. ಫಿಲಡೆಲ್ಫಿಯಾದ ತಪ್ಪು ನಮ್ಮಲ್ಲಿ ಆಗಬಾರದು. ಬದುವಿನ ಜಗಳವಿದ್ದೂ ಕಣ್ಣಿ ಕೊಯ್ಯಲು ನುಗ್ಗಿದವನನ್ನು ಆ ರಾತ್ರಿ ಯಾರೂ ಕರೆದಿರಲಿಲ್ಲ. ಮರುದಿನದಿಂದ ಅವರ ಜಗಳ ಮತ್ತೆ ನಡೆಯಿತು. ನಡೆಯಲಿ. ಕೂಗು ಕೇಳಿದಾಗ ಇಂದಿಗೂ ಹಾಗೆ ಓಡಿ ಬರುವವರು ಇದ್ದಾರೆಯೇ ಎಂಬುದಷ್ಟೇ ನಮ್ಮ ಚಿಂತೆ.