ಪಾರ್ಶ್ವವಾಯುವಿನ ಚಿಕಿತ್ಸೆಯೂ ರೋಗಿಯ ಮನೆಮಾತೂ

ರೋಗಗಳ ಹೆಸರುಗಳಲ್ಲಿ ಜನಜೀವನದ ಇತಿಹಾಸವೂ ಅಡಗಿರುತ್ತದೆ. ಕನ್ನಡದ ಗ್ರಂಥಗಳು ಪಾರ್ಶ್ವವಾಯು, ಪಕ್ಷಾಘಾತ, ಅರ್ಧಾಂಗವಾಯು ಎಂದು ಕರೆಯುವ ವ್ಯಾಧಿಗೆ ಜನರ ಬಾಯಲ್ಲಿ ಲಕ್ವ ಎಂಬ ಹೆಸರೇ ರೂಢಿಯಾಗಿದೆ. ಮೊದಲಿನ ಮೂರು ಹೆಸರುಗಳು ಸಂಸ್ಕೃತದವು; ಕಡೆಯದು ಅರಬ್ಬೀ ಮೂಲದ್ದು. ಅರಬ್ಬೀ ವೈದ್ಯರು ಲಕ್ವ ಎಂದುದು ಮುಖ ಸೊಟ್ಟಗಾಗುವ ರೋಗವನ್ನು ಮಾತ್ರ. ಮೈಯ ಒಂದು ಪಕ್ಕ ಬಿದ್ದುಹೋಗುವುದಕ್ಕೆ ಅವರಲ್ಲಿ ಫಾಲಿಜ್ ಎಂಬ ಬೇರೆ ಶಬ್ದವಿದ್ದಿತು. ನಮ್ಮ ಕಡೆಗೆ ಬಂದ ಮೇಲೆ ಈ ಭೇದವು ಅಳಿದು, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಆ ಒಂದೇ ಶಬ್ದವು ಇಡೀ ವ್ಯಾಧಿಗೆ ನಿಂತಿತು. ಆದುದರಿಂದ ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ನೆಲಸಿದ ಕನ್ನಡಿಗನು ತನ್ನ ತಂದೆಗೆ ಆದುದನ್ನು ಮರಾಠಿ ವೈದ್ಯನಿಗೆ ತಿಳಿಸಲು ಹೊಸ ಶಬ್ದವನ್ನು ಕಲಿಯಬೇಕಾಗಿಲ್ಲ. ಆದರೆ ಹೆಸರಿನ ಈ ಸಾಮ್ಯವು ರೋಗಿಯನ್ನು ಗುಣಪಡಿಸುವ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಆತನು ಕಳೆದುಕೊಂಡ ಮಾತು ಯಾವ ಭಾಷೆಯ ಮಾತು, ಅದನ್ನು ಯಾವ ಭಾಷೆಯಲ್ಲಿ ಮರಳಿ ಪಡೆಯಬೇಕು ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಚಿಕಿತ್ಸೆಯ ದೀರ್ಘ ಇತಿಹಾಸದಲ್ಲಿ ಈ ಪ್ರಶ್ನೆಗೆ ದೊರೆತ ಸ್ಥಾನ ಬಲು ಚಿಕ್ಕದು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವು ವಾತವ್ಯಾಧಿಗಳಿಗೆ ಮೀಸಲಾಗಿದೆ. ಕುಪಿತವಾದ ವಾತವು ಬಲಪಕ್ಕವನ್ನಾಗಲಿ ಎಡಪಕ್ಕವನ್ನಾಗಲಿ ಹಿಡಿದು ಚಲನೆಯನ್ನು ನಿಲ್ಲಿಸುವುದೆಂದೂ, ಅದರೊಡನೆ ನೋವೂ ವಾಕ್‌ಸ್ತಂಭವೂ ಉಂಟಾಗುವುವೆಂದೂ ಅಲ್ಲಿ ಹೇಳಿದೆ. ಮಿದುಳಿನಲ್ಲಿ ನಡೆಯುವುದೇನೆಂಬುದು ತಿಳಿಯದಿದ್ದ ಆ ಕಾಲದಲ್ಲಿ, ಕೈಕಾಲು ಬೀಳುವುದನ್ನೂ ಮಾತು ನಿಲ್ಲುವುದನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಆ ವೈದ್ಯರ ಕಣ್ಣಿನ ಸೂಕ್ಷ್ಮತೆಯನ್ನು ತೋರಿಸುತ್ತದೆ. ಸುಶ್ರುತನ ಮಾತು ಇನ್ನೂ ಖಂಡಿತವಾದುದು. ಧಾತುಕ್ಷಯದಿಂದ ಬಂದ ಪಕ್ಷಾಘಾತವು ಅಸಾಧ್ಯ, ಶುದ್ಧವಾತದಿಂದ ಬಂದುದು ಅತ್ಯಂತ ಕಷ್ಟಸಾಧ್ಯ, ಅನ್ಯದೋಷಗಳೊಡನೆ ಬೆರೆತುದು ಸಾಧ್ಯ ಎಂದು ಆತನು ವಿಂಗಡಿಸುತ್ತಾನೆ. ಎಂಥ ರೋಗಿಯ ಚಿಕಿತ್ಸೆಯನ್ನು ಕೈಗೊಳ್ಳಬೇಕೆಂಬುದನ್ನೂ ಹೇಳುತ್ತಾನೆ: ಅಂಗಗಳು ಬಾಡಿರಬಾರದು, ರೋಗಿಯು ಆತ್ಮವಂತನಾಗಿರಬೇಕು, ಉಪಕರಣವಂತನಾಗಿರಬೇಕು. ಮನೋಬಲವೂ ಸಾಧನಸಂಪತ್ತೂ ಉಳ್ಳವನು ಎಂದು ಅರ್ಥ. ಕೂಲಿಗಾಗಿ ಕಲಬುರಗಿ, ವಿಜಯಪುರಗಳ ಕಡೆಯಿಂದ ನವಿ ಮುಂಬಯಿಗೆ ಬಂದು ಕಟ್ಟಡಗಳನ್ನು ಕಟ್ಟಿದ ಕನ್ನಡಿಗನಿಗೆ ಈ ಎರಡನೆಯ ಷರತ್ತು ಇಂದಿಗೂ ಎಷ್ಟು ಕಠಿನವೆಂಬುದನ್ನು ವಿವರಿಸಬೇಕಾಗಿಲ್ಲ. ಇರಲಿ. ವೈದ್ಯವನ್ನು ರೋಗಿಯ ನುಡಿಯಲ್ಲಿ ಹೇಳಬೇಕೆಂಬ ಆಸೆಯೂ ನಮ್ಮಲ್ಲಿ ಹಳೆಯದೇ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದುದು ಇದಕ್ಕೆ ಸಾಕ್ಷಿ.

ಯುರೋಪಿನಲ್ಲಿ ಗ್ರೀಕರು ಈ ವ್ಯಾಧಿಗೆ ಇಟ್ಟ ಹೆಸರು ಅಪೊಪ್ಲೆಕ್ಸಿ, ಎಂದರೆ ಹೊಡೆತ. ಪ್ರಬಲವಾದ ಹೊಡೆತವನ್ನು ಗುಣಪಡಿಸುವುದು ಅಸಾಧ್ಯ, ದುರ್ಬಲವಾದುದನ್ನು ಗುಣಪಡಿಸುವುದೂ ಸುಲಭವಲ್ಲ ಎಂಬುದು ಹಿಪ್ಪೊಕ್ರಾಟಿಸನ ಪರಂಪರೆಯ ತೀರ್ಮಾನ. ಈ ಹೊಡೆತದ ಮೂಲವು ಮಿದುಳಿನ ರಕ್ತನಾಳಗಳಲ್ಲಿ ಇದೆಯೆಂಬುದನ್ನು ಶವಚ್ಛೇದನದಿಂದ ಮನಗಂಡು 1658ರಲ್ಲಿ ಪ್ರಕಟಿಸಿದವನು ಸ್ವಿಟ್ಸರ್ಲೆಂಡಿನ ವೈದ್ಯ ಯೊಹಾನ್ ಯಾಕೊಬ್ ವೆಪ್ಫರ್. ಆದರೆ ಕಾರಣ ತಿಳಿದ ಮಾತ್ರಕ್ಕೆ ಚಿಕಿತ್ಸೆ ದೊರೆಯಲಿಲ್ಲ. ಮುಂದಿನ ಮೂರು ಶತಮಾನಗಳ ಕಾಲ ವೈದ್ಯನು ಬಹುಮಟ್ಟಿಗೆ ಪ್ರೇಕ್ಷಕನಾಗಿಯೇ ಇದ್ದನು. ಹಾಗೆಂದು ರೋಗಿಯ ಬಾಳು ಅಲ್ಲಿಗೆ ಮುಗಿಯುತ್ತಿತ್ತೆಂದು ಭಾವಿಸುವುದು ತಪ್ಪು. ಲೂಯಿ ಪಾಶ್ಚರನಿಗೆ 1868ರಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಎಡಪಕ್ಕಕ್ಕೆ ಪಾರ್ಶ್ವವಾಯು ಬಡಿಯಿತು. ಹುಚ್ಚುನಾಯಿ ಕಡಿತದ ಲಸಿಕೆಯನ್ನು ಆತನು ಮನುಷ್ಯನಿಗೆ ಕೊಡಿಸಿದ್ದು 1885ರಲ್ಲಿ, ಎಂದರೆ ಅದಾದ 17 ವರ್ಷಗಳ ಮೇಲೆ.

ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದು ರಕ್ತ ಸುರಿದಿದೆಯೋ ಎಂಬುದನ್ನು ಬದುಕಿರುವ ರೋಗಿಯಲ್ಲಿ ಸುಲಭವಾಗಿ ಕಾಣುವಂತಾದುದು 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಚಿತ್ರಿಸಿದ ಮೇಲೆ. ಈ ಭೇದವು ಪ್ರಾಣದ ಪ್ರಶ್ನೆ. ಹೆಪ್ಪನ್ನು ಕರಗಿಸುವ ಔಷಧವು ಮೊದಲನೆಯ ರೋಗಿಯನ್ನು ಉಳಿಸಬಲ್ಲುದು, ಎರಡನೆಯವನನ್ನು ಕೊಲ್ಲಬಲ್ಲುದು. ಆ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಪ್ರಯೋಜನವುಂಟೆಂದು 1995ರಲ್ಲಿ ಅಮೆರಿಕದ ಪ್ರಯೋಗವು ತೋರಿಸಿತು; 2008ರಲ್ಲಿ ಯುರೋಪಿನ ಪ್ರಯೋಗವು ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದೊಡ್ಡ ನಾಳದ ಹೆಪ್ಪನ್ನು ತೊಡೆಯ ರಕ್ತನಾಳದ ಮೂಲಕ ಕೊಳವೆ ತೂರಿಸಿ ಹೊರತೆಗೆಯುವ ವಿಧಾನವು 2015ರಲ್ಲಿ ಸ್ಥಿರಪಟ್ಟಿತು. ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಗಳವರೆಗೂ ಅದು ಫಲಕಾರಿಯೆಂಬುದು 2018ರ ವೇಳೆಗೆ ತಿಳಿದುಬಂದಿತು. ಆದರೂ ಗಡಿಯಾರವು ನಿಲ್ಲುವುದಿಲ್ಲ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಗಿದೆ. ಬಾಯಿ ಸೊಟ್ಟಗಾಯಿತು, ಎತ್ತಿದ ಕೈ ಕೆಳಗಿಳಿಯಿತು, ಮಾತು ತೊದಲಿತು: ಇವುಗಳಲ್ಲಿ ಒಂದು ಹಠಾತ್ತಾಗಿ ಕಂಡರೂ ಬೆಳಗಾಗಲೆಂದು ಕಾಯತಕ್ಕುದಲ್ಲ.

ಮುಂಬಯಿಯ ಹೊರವಲಯದಲ್ಲಿ ಈ ಕಾಲದ ಪ್ರಶ್ನೆಯು ಬಹಳ ದಿನ ದೂರದ ಪ್ರಶ್ನೆಯಾಗಿದ್ದಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಅದೇ ಹಳಿಗಳ ಬಲದಿಂದ ಕನ್ನಡಿಗ ಗುಮಾಸ್ತರೂ ಹೋಟೆಲಿನ ಕೆಲಸಗಾರರೂ ಡೊಂಬಿವಲಿಯಲ್ಲಿ ಮನೆ ಮಾಡಿ ಕೋಟೆಯ ಕಚೇರಿಗಳಿಗೆ ದಿನವೂ ಹೋಗಿಬರುವುದು ಸಾಧ್ಯವಾಯಿತು. ಆದರೆ ಲೋಕಲ್ ಗಾಡಿಯು ನಿಲ್ಲಬಲ್ಲವನನ್ನು ಒಯ್ಯುತ್ತದೆ; ಬಿದ್ದವನನ್ನು ಒಯ್ಯುವುದು ಕಷ್ಟ. ನರರೋಗಗಳ ತಜ್ಞತೆಯೋ ನಗರದ ಮಧ್ಯದಲ್ಲಿಯೇ ಬೆಳೆಯಿತು, ಡಾ. ನೊಶಿರ್ ವಾಡಿಯಾ ಅವರು ಜೆ. ಜೆ. ಆಸ್ಪತ್ರೆಯಲ್ಲಿ ಆ ವಿಭಾಗವನ್ನು ಕಟ್ಟತೊಡಗಿದುದು 1957ರಲ್ಲಿ. ಕಲ್ಯಾಣದಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಸುಮಾರು 54 ಕಿಲೋಮೀಟರು. 1992ರಲ್ಲಿ ಠಾಣೆ ನಗರಪಾಲಿಕೆಯ ವೈದ್ಯಕೀಯ ಕಾಲೇಜು ಕಳವಾದಲ್ಲಿ ಆರಂಭವಾಯಿತು. ಆ ವರ್ಷವೇ ನವಿ ಮುಂಬಯಿಗೆ ಸ್ವಂತ ನಗರಪಾಲಿಕೆಯೂ ಬಂದಿತು. ಮಹಾರಾಷ್ಟ್ರದಲ್ಲಿ 108ರ ಆಂಬ್ಯುಲೆನ್ಸ್ ಸೇವೆ ಆರಂಭವಾದುದು 2014ರಲ್ಲಿ. ಸಿ.ಟಿ. ಯಂತ್ರವೂ ಹೆಪ್ಪು ಕರಗಿಸುವ ಔಷಧವೂ ಈಗ ಠಾಣೆ, ನವಿ ಮುಂಬಯಿಗಳಲ್ಲಿಯೇ ದೊರೆಯುತ್ತವೆ. ದಟ್ಟಣೆಯ ಹೊತ್ತಿನ ಕಲ್ಯಾಣ–ಶಿಳ್ ರಸ್ತೆಯನ್ನು ಬಲ್ಲವರಿಗೆ ಉಳಿದ ಅಡಚಣೆಯೇನೆಂಬುದು ತಿಳಿದೇ ಇದೆ.

ವ್ಯಾಧಿಯ ಪ್ರಮಾಣವೂ ಅಲ್ಪವಲ್ಲ. ಡಾ. ಪಿ. ಎಂ. ದಲಾಲ್ ಮತ್ತು ಸಂಗಡಿಗರು 2005-06ರಲ್ಲಿ ಮುಂಬಯಿಯ ಒಂದು ವಿಭಾಗದಲ್ಲಿ ನಡೆಸಿದ ಗಣನೆಯಂತೆ, ವರ್ಷಕ್ಕೆ ಲಕ್ಷ ಜನರಲ್ಲಿ 145 ಮಂದಿಗೆ ಮೊದಲ ಸಲ ಪಾರ್ಶ್ವವಾಯು ಬಂದಿತು. ಅವರಲ್ಲಿ ನೂರಕ್ಕೆ ಸುಮಾರು 30 ಮಂದಿ 28 ದಿನಗಳೊಳಗೆ ತೀರಿಕೊಂಡರು. ಉಳಿದ 70 ಮಂದಿಯ ಮುಂದಿನ ಬಾಳು ಚಿಕಿತ್ಸೆಯ ಇತಿಹಾಸಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಬಲಪಕ್ಕ ಬಿದ್ದವರಲ್ಲಿ ಹಲವರಿಗೆ ಮಾತೂ ಹೋಗುತ್ತದೆ. ಮಿದುಳಿನ ಎಡಭಾಗದ ಒಂದು ಎಡೆಯು ಕೆಟ್ಟರೆ ನುಡಿಯುವ ಶಕ್ತಿ ಕೆಡುವುದೆಂದು 1861ರಲ್ಲಿ ಪ್ಯಾರಿಸಿನ ಬ್ರೋಕಾ ತೋರಿಸಿದನು. ಹಲವು ಭಾಷೆ ಬಲ್ಲವನಿಗೆ ಯಾವುದು ಮೊದಲು ಮರಳುವುದೆಂಬ ಚರ್ಚೆ ಅನಂತರ ಎದ್ದಿತು. ಮೊದಲು ಕಲಿತುದು ಎಂದು ರಿಬೊನ ಮತ. ರೋಗಕ್ಕೆ ಮುನ್ನ ಹೆಚ್ಚು ಬಳಕೆಯಲ್ಲಿದ್ದುದು ಎಂದು 1895ರಲ್ಲಿ ಪಿತ್ರ್ ಎಂಬ ಫ್ರೆಂಚ್ ವೈದ್ಯನ ಮತ. ಅನುಭವವು ಈ ಎರಡನ್ನೂ ನಿಯಮವೆಂದು ಒಪ್ಪಲಿಲ್ಲ. ಬಹುಮಂದಿಯಲ್ಲಿ ಎಲ್ಲ ಭಾಷೆಗಳೂ ಒಟ್ಟಾಗಿ ಮರಳುತ್ತವೆ. ಕೆಲವರಲ್ಲಿ ಒಂದು ಮರಳಿ ಇನ್ನೊಂದು ಹಿಂದುಳಿಯುತ್ತದೆ. ಯಾರಲ್ಲಿ ಹೇಗೆಂಬುದನ್ನು ಪ್ರತಿಯೊಂದು ಭಾಷೆಯಲ್ಲಿಯೂ ಪರೀಕ್ಷಿಸದೆ ಹೇಳಲಾಗದು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಪೇಟೆಯಲ್ಲಿ ಮರಾಠಿಯನ್ನೂ ಗಾಡಿಯಲ್ಲಿ ಹಿಂದಿಯನ್ನೂ ಕಚೇರಿಯಲ್ಲಿ ಇಂಗ್ಲಿಷನ್ನೂ ಆಡಿದ ವೃದ್ಧನನ್ನು ಮರಾಠಿಯಲ್ಲಿ ಮಾತ್ರ ಪ್ರಶ್ನಿಸಿ, ಉತ್ತರ ಬರಲಿಲ್ಲವಾಗಿ ಬುದ್ಧಿಯೇ ಮಂಕಾಯಿತೆಂದು ಬರೆದರೆ ಅದು ವೈದ್ಯವಾಗದು.

ಇದಕ್ಕೆ ಬೇಕಾದ ಸಾಧನವು ಕನ್ನಡದಲ್ಲಿ ಇಲ್ಲದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. 1980ರಲ್ಲಿ ಪ್ರತಿಭಾ ಕಾರಂತರು ಮಾತುಗೆಟ್ಟ ರೋಗಿಗಳಿಗಾಗಿ ಕನ್ನಡದ ಪರೀಕ್ಷೆಗಳನ್ನು ಸಿದ್ಧಪಡಿಸಿದರು. ಕೆನಡಾದ ಮಿಶೆಲ್ ಪರಾದಿಯವರ ದ್ವಿಭಾಷಾ ಪರೀಕ್ಷೆಯ ಕನ್ನಡ ರೂಪವು ರಂಗಮಣಿಯವರ ಸಹಯೋಗದಿಂದ 1989ರಲ್ಲಿ ಹೊರಬಂದಿತು. ಬಹುಭಾಷಿಕತೆಯು ರೋಗಿಗೆ ಹೊರೆಯಲ್ಲವೆಂಬುದಕ್ಕೂ ಆಧಾರವುಂಟು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 608 ರೋಗಿಗಳನ್ನು ಕುರಿತು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯುವಿನ ಅನಂತರ ಬುದ್ಧಿಶಕ್ತಿ ಕುಂದದೆ ಉಳಿದವರು ಒಂದೇ ಭಾಷೆ ಬಲ್ಲವರಲ್ಲಿ ನೂರಕ್ಕೆ 19.6, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ 40.5. ಮಾತು ಕೆಟ್ಟವರ ಪ್ರಮಾಣ ಮಾತ್ರ ಎರಡು ಗುಂಪುಗಳಲ್ಲಿಯೂ ಹೆಚ್ಚು ಕಡಿಮೆ ಸಮನಾಗಿದ್ದಿತು. ವಲಸೆಯು ಕಲಿಸಿದ ನುಡಿಗಳು ಬುದ್ಧಿಯನ್ನು ಕಾಯಬಹುದು, ಮಾತನ್ನು ಕಾಯವು.

ಮಾತಿನೊಡನೆ ಸಹಿಯೂ ಹೋಗುತ್ತದೆ. ಬಲಗೈ ಬಿದ್ದ ನಿವೃತ್ತನ ಪಿಂಚಣಿಯು ಬ್ಯಾಂಕಿನಲ್ಲಿಯೇ ಉಳಿದು, ಮನೆಯವರು ಔಷಧಕ್ಕೆ ಸಾಲ ಮಾಡುವ ಪ್ರಸಂಗಗಳುಂಟು. ಇದು ನಿಯಮದ ಅಜ್ಞಾನದಿಂದ ಬರುವ ಕಷ್ಟ. ಇಂಥ ಖಾತೆದಾರನ ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನು ಇಬ್ಬರು ಸ್ವತಂತ್ರ ಸಾಕ್ಷಿಗಳ ಮುಂದೆ ಪಡೆಯಬಹುದೆಂದೂ, ಅವರಲ್ಲಿ ಒಬ್ಬನು ಬ್ಯಾಂಕಿನ ಜವಾಬ್ದಾರ ಅಧಿಕಾರಿಯಾಗಿರಬೇಕೆಂದೂ, ಅದೂ ಆಗದಿದ್ದರೆ ರೋಗಿಯು ಮಾಡಿದ ಯಾವುದಾದರೊಂದು ಗುರುತೇ ಸಾಕೆಂದೂ ರಿಸರ್ವ್ ಬ್ಯಾಂಕಿನ ಸೂಚನೆಗಳು ಹೇಳುತ್ತವೆ. ಸಾಕ್ಷಿಗೆ ಕನ್ನಡ ಬರಬೇಕೆಂದು ಯಾವ ಸೂಚನೆಯಲ್ಲಿಯೂ ಇಲ್ಲ. ಬಂದರೆ, ರೋಗಿಯು ತಲೆಯಾಡಿಸಿದುದು ಹೌದೆಂದೋ ಅಲ್ಲವೆಂದೋ ಕೇಳಿ ತಿಳಿಯಬಹುದು.

ಪರಾದಿಯವರ ಪರೀಕ್ಷೆಯ ಮೊದಲ ಭಾಗವು ರೋಗಿಯ ಭಾಷಾಚರಿತ್ರೆಗೆ ಮೀಸಲು: ಬಾಲ್ಯದಲ್ಲಿ ಮನೆಯಲ್ಲಿ ಯಾವ ಮಾತು, ಶಾಲೆಯಲ್ಲಿ ಯಾವುದು, ಓದಲು ಬರೆಯಲು ಯಾವುದು ಬಲ್ಲನು ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಮಾತು ಹೋದವನು ಇವಕ್ಕೆ ಉತ್ತರ ಕೊಡಲಾರನು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತಂದೆಯ ಊರಿನ ಶಾಲೆ ಯಾವ ಭಾಷೆಯದೆಂಬುದು ಹಲವು ವೇಳೆ ತಿಳಿದಿರುವುದಿಲ್ಲ, ಹೇಳಬಲ್ಲವಳು ತಾಯಿ. ಆಕೆಯನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು, ರಕ್ತದೊತ್ತಡದ ಚೀಟಿಯೊಡನೆ ಇಟ್ಟುಕೊಂಡಿದ್ದರೆ ಆ ಹಾಳೆಯು ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತದೆ.