ಆಟಿಕಸ್ ಫಿಂಚ್ ಮತ್ತು ಮನ್ರೋವಿಲ್‌ನ ಗುಟ್ಟು

ಪಿಯುಸಿ ರಜೆಯಲ್ಲಿ ಹಳೇ ಪುಸ್ತಕದಂಗಡಿಯಿಂದ ತಂದು ಓದಿದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಹಳ ದಿನ ನನ್ನ ತಲೆಯಿಂದ ಹೋಗಿರಲಿಲ್ಲ. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಕಪ್ಪು ಜನಾಂಗದ ಟಾಮ್ ರಾಬಿನ್ಸನ್ ಪರವಾಗಿ, ಊರನ್ನೇ ಎದುರು ಹಾಕಿಕೊಂಡು ವಾದಿಸುವ ವಕೀಲ ಆಟಿಕಸ್. ಅಪ್ಪ ಅಂದ್ರೆ ಹೀಗಿರಬೇಕು ಅನ್ನಿಸಿಬಿಟ್ಟಿತ್ತು.

2015ರಲ್ಲಿ, ನಾನು ಇಂಜಿನಿಯರಿಂಗ್ ಸೇರಿದ ವರ್ಷ, ಹಾರ್ಪರ್ ಲೀಯ 'ಗೋ ಸೆಟ್ ಎ ವಾಚ್‌ಮನ್' ಬಂತು. ಅಸಲಿಗೆ ಮೊದಲು ಬರೆದದ್ದು ಅದೇ. 1957ರಲ್ಲಿ ಅದನ್ನೋದಿದ ಸಂಪಾದಕಿ ಟೇ ಹೋಹಾಫ್ ತಿದ್ದಿ ಬರೆಸುತ್ತಾ ಹೋಗಿ, ಕೊನೆಗೆ 1960ರ ಪುಸ್ತಕ ಹುಟ್ಟಿತು. ಹಳೆಯ ಪ್ರತಿಯಲ್ಲಿ, ನ್ಯೂಯಾರ್ಕಿನಿಂದ ಊರಿಗೆ ಬಂದ ಮಗಳು ಕೋರ್ಟಿನ ಬಾಲ್ಕನಿಯಿಂದ ಇಣುಕಿದರೆ ಕೆಳಗೆ ಸಿಟಿಜನ್ಸ್ ಕೌನ್ಸಿಲ್ ಸಭೆಯಲ್ಲಿ ಅಪ್ಪ ಕೂತಿದ್ದಾನೆ! ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡಬಾರದೆಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅದನ್ನು ತಡೆಯಲು ಬಿಳಿಯರು ಕಟ್ಟಿದ ಸಂಘ ಅದು.

ನನಗೆ ಸಿಟ್ಟು ಬಂದಿತ್ತು, ಇವನು ನಮ್ಮ ಆಟಿಕಸ್ ಅಲ್ಲವೇ ಅಲ್ಲ ಅಂತ.

ಆದರೆ ಇತಿಹಾಸ ನೋಡಿ. ಲೀಯ ತಂದೆ ಎ. ಸಿ. ಲೀ ಅಲಬಾಮಾದ ಮನ್ರೋವಿಲ್‌ನಲ್ಲಿ ವಕೀಲರು. 1919ರಲ್ಲಿ ಕೊಲೆ ಆರೋಪ ಹೊತ್ತ ಕಪ್ಪು ಜನಾಂಗದ ತಂದೆ-ಮಗನ ಪರ ವಾದಿಸಿ ಸೋತರು. ಇಬ್ಬರಿಗೂ ಗಲ್ಲಾಯಿತು. ಆಮೇಲೆ ಅವರು ಕ್ರಿಮಿನಲ್ ಕೇಸು ಮುಟ್ಟಲಿಲ್ಲ. ಅದೇ ಮನುಷ್ಯ ಬಹುಕಾಲ ಪ್ರತ್ಯೇಕತೆಯ ಪರವಾಗಿಯೂ ಇದ್ದರು!

ಊರಿನ ಕಥೆಯೂ ಅಷ್ಟೇ. ಪುಸ್ತಕ ಬಂದು 27 ವರ್ಷದ ಮೇಲೆ, 1987ರಲ್ಲಿ, ಅದೇ ಮನ್ರೋವಿಲ್‌ನ ಕೊಲೆಯೊಂದಕ್ಕೆ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಆ ಹೊತ್ತಿಗೆ ಅವನು ಮನೆಯಲ್ಲೇ ಇದ್ದನೆಂದು ಹಲವರು ಹೇಳಿದರೂ ಕೇಳಲಿಲ್ಲ. 1988ರಲ್ಲಿ ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶರು ಮರಣದಂಡನೆ ಕೊಟ್ಟರು. ವಕೀಲ ಬ್ರಯಾನ್ ಸ್ಟೀವನ್ಸನ್ ಹೋರಾಡಿ 1993ರಲ್ಲಿ ಬಿಡಿಸಿದರು. ಅಂದರೆ ಪುಸ್ತಕದ ಬಗ್ಗೆ ಹೆಮ್ಮೆ ಪಡುವುದಕ್ಕೂ ಅದರಿಂದ ಕಲಿಯುವುದಕ್ಕೂ ಸಂಬಂಧವಿಲ್ಲ.

ಈಚೆಗೆ ಎರಡನ್ನೂ ಮತ್ತೆ ಓದಿದೆ. ಈ ಸಲ ಸಿಟ್ಟು ಬರಲಿಲ್ಲ, ನಮ್ಮಜ್ಜ ನೆನಪಾದರು. ಊರಲ್ಲಿ ಯಾರೇ ಬಂದರೂ ಜಾತಿ ಕೇಳದೆ ಅರ್ಜಿ ಬರೆದುಕೊಡುತ್ತಿದ್ದರು, ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಆದರೆ ಬಂದವರಲ್ಲಿ ಕೆಲವರಿಗೆ ಕಾಫಿ ಮಾತ್ರ ಹಿತ್ತಿಲ ಸೂರಿನಲ್ಲಿ ಸಿಕ್ಕಿಸಿಟ್ಟ ಲೋಟದಲ್ಲಿ. ಆ ಲೋಟದ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಎತ್ತುವುದಿಲ್ಲ...